ಏಡಿಯ ಪಕ್ಕದ ಸಾಲು

ಜಪಾನಿನ ನಮ್ಮೂರು ಹಮಾದಾದ ರೈಲು ನಿಲ್ದಾಣದಲ್ಲಿ ಒಂದು ಬೆಳಿಗ್ಗೆ ಟ್ರ್ಯಾಕ್‌ಸೂಟಿನವರೊಬ್ಬರು ಬಗ್ಗಿ ನಮಸ್ಕರಿಸಿ ನನ್ನ ಕೈಗೆ ಕರಪತ್ರ ಕೊಟ್ಟರು. ಜಿಮ್ಮಿಗೆ ಜನ ಸೇರಿಸುವವರಿರಬೇಕು ಅಂದುಕೊಂಡು, "ಈ ಹೊಟ್ಟೆ ಹೀಗೇ ಇರ್ಲಿ ಬಿಡಿ" ಅಂದೆ.

"ಇರ್ಲಿ, ಅದನ್ನೂ ಕರ್ಕೊಂಡು ಭಾನುವಾರ ಮ್ಯಾಚಿಗೆ ಬನ್ನಿ" ಅಂದರು.

ಅವರು ಮಿನೊಬೆ ಕೋಸಾಕು, ಹನ್ನೊಂದು ವರ್ಷದಿಂದ ನಮ್ಮೂರ ಫುಟ್‌ಬಾಲ್ ತಂಡದ ಡಿಫೆಂಡರ್. ಅಷ್ಟೂ ವರ್ಷ ನಾನು ಇದೇ ಊರಿನ ಮೀನಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರೂ ಅವರ ಗುರುತು ನನಗಿರಲಿಲ್ಲ.

ನಾಚಿಕೆಗಾದರೂ ಪಂದ್ಯಕ್ಕೆ ಹೋದೆ. ಆಟ ಮುಗಿದ ಮೇಲೆ ಆಟಗಾರರು ಗೇಟಿನ ಬಳಿ ನಿಂತು ಜನರನ್ನು ಬೀಳ್ಕೊಡುವುದು ರೂಢಿ. ತಂಡದ ಲಾಂಛನವಾದ ಏಡಿಯ ವೇಷ ತೊಟ್ಟವರ ಜೊತೆ ಫೋಟೋ ತೆಗೆಸಿಕೊಳ್ಳುವವರ ಸಾಲು ಬಸ್ ನಿಲ್ದಾಣದವರೆಗೆ ಬೆಳೆದಿತ್ತು. ಪಕ್ಕದಲ್ಲಿದ್ದ ಮಿನೊಬೆಯವರ ಮುಂದೆ ಇಬ್ಬರೇ: ನಾನು, ಮತ್ತು ಅವರ ಜೆರ್ಸಿಯ ಐದನೇ ನಂಬರು ಅಚ್ಚಾದ ಟವೆಲ್ ಹೊದ್ದ ಒಬ್ಬ ಅಜ್ಜಿ.

"ಮುಂದಿನ ವರ್ಷಾನೂ ಇರ್ತೀಯ ತಾನೆ, ಮಿನೊ?" ಅಜ್ಜಿ ಕೇಳಿದರು.

"ಕ್ಲಬ್ಬಿನವ್ರು ಇನ್ನೂ ಏನೂ ಹೇಳಿಲ್ಲ ಅಜ್ಜಿ."

ನಾನಾದರೂ ಸುಮ್ಮನಿರಬಹುದಿತ್ತು. "ಆ ಏಡಿಗೆ ಇರೋಷ್ಟು ಜನ ನಿಮಗಿಲ್ವಲ್ಲ, ಹೊಟ್ಟೆ ಉರಿಯಲ್ವಾ?" ಎಂದು ಕೇಳಿಬಿಟ್ಟೆ.

"ಉರಿಯುತ್ತೆ," ಎಂದರು ಮಿನೊಬೆ. "ಆ ಏಡೀನ ಕ್ಲಬ್ಬಿನವ್ರು ಆಗ್ಲೇ ಮುಂದಿನ ವರ್ಷಕ್ಕೂ ಇಟ್ಕೊಂಡಿದ್ದಾರೆ."