ಕಣ್ಣು ತೆರೆಯದ ರಕ್ಕಸ

ನನ್ನ ತಂದೆ ಕೆತ್ತಿದ ಹದಿಮೂರು ಗೊಂಬೆಗಳನ್ನು ನೀವು ಮೂವರೂ ನಿಮ್ಮ ಕೈಕೆಲಸವೆಂದು ಜನರ ಮುಂದಿಟ್ಟಿರಿ. ಇದನ್ನು ಅಚಾತುರ್ಯವೆನ್ನಲು ನಾನು ಒಪ್ಪುವುದಿಲ್ಲ. ಇದು ಕಳವು.

ಎಂ.ಎ. ಮುಗಿದ ಮೇಲೂ ನಾವು ನಾಲ್ವರು ಭಾನುವಾರಗಳಂದು ಶ್ರೀರಂಗಪಟ್ಟಣದಲ್ಲಿ, ನಿಮ್ಮಲ್ಲೊಬ್ಬನ ಮನೆಯ ಮಹಡಿಯಲ್ಲಿ ಸೇರುತ್ತಿದ್ದೆವು. ಆಟ ನಾವೇ ಕಟ್ಟಿದ್ದು: ಒಬ್ಬರು ರಕ್ಕಸ ಮತ್ತವನ ಬಂಟರನ್ನು ಆಡಿಸಬೇಕು, ಉಳಿದ ಮೂವರು ಕೋಟೆಯ ಕಾವಲುಗಾರರು. ಹಲಗೆಯ ಮೇಲೆ ಎದುರುಬದುರಾದಾಗ ದಾಳ ಉರುಳಿಸುವುದು. ಹೆಚ್ಚು ಬಿದ್ದವರ ಪೆಟ್ಟು ನಾಟುತ್ತದೆ. ಕಾವಲುಗಾರರಲ್ಲಿ ಒಬ್ಬರು ಸತ್ತರೆ ಮೂವರೂ ಸೋತಂತೆ. ಒಮ್ಮೆ ನನಗೆ ಒಂದೇ ಪೆಟ್ಟಿನ ಆಯುಸ್ಸು ಉಳಿದಿದ್ದಾಗ ನಿಮ್ಮಲ್ಲಿನ ಗೆಳತಿ ತನ್ನ ಗೊಂಬೆಯನ್ನು ಅಡ್ಡ ತಂದು, "ನನ್ನೇ ಹೊಡಿಲಾ, ಇವ್ಳ್ ತಂಟೆಗ್ ಬಂದೀಯ!" ಎಂದು ರಕ್ಕಸನಾಗಿದ್ದವನ ಮೇಲೆ ಎಗರಿದ್ದಳು. ಅದನ್ನು ನಾನು ಸ್ನೇಹವೆಂದು ನಂಬಿದೆ.

ಮೊದಮೊದಲು ಅಂಗಿಯ ಗುಂಡಿಗಳನ್ನಿಟ್ಟು ಆಡುತ್ತಿದ್ದೆವು. ಪಾಂಡವಪುರದಲ್ಲಿ ಬಾಗಿಲು, ಕಿಟಕಿ ಮಾಡುವ ನನ್ನ ತಂದೆ ಅದನ್ನು ಕೇಳಿ ನಕ್ಕರು. "ಗುಂಡಿ ಮಡಿಕ್ಕಂಡು ಯುದ್ಧ ಮಾಡ್ತೀರೇನವ್ವಾ?" ಬಳಿಕ ಹಾಲೆ ಮರದಲ್ಲಿ ಹೆಬ್ಬೆರಳುದ್ದದ ಮೂವರು ಕಾವಲುಗಾರರನ್ನೂ ಒಂಬತ್ತು ಬಂಟರನ್ನೂ ರಕ್ಕಸನನ್ನೂ ಕೆತ್ತಿದರು. ರಕ್ಕಸನಿಗೆ ಮಾತ್ರ ಕಣ್ಣಿರಲಿಲ್ಲ. ಮರ ಕೆತ್ತುವ ನಮ್ಮವರಲ್ಲಿ ಕಣ್ಣು ತೆರೆಯುವುದು, ಅಂದರೆ ಗೊಂಬೆಗೆ ಕಣ್ಣು ಮೂಡಿಸುವುದು, ಕೊನೆಯ ಕೆಲಸ. ತೆರೆದ ಮೇಲೆ ಜೀವ ಬಂತೆಂದೇ ಅರ್ಥ. "ಕೆಟ್ಟೋನ್ಗೆ ಕಣ್ ತಗೀಬಾರ್ದು ಕಣವ್ವ, ಕುರುಡಾಗೇ ಕುಣೀಲಿ ಬುಡು," ಎಂದಿದ್ದರು. ನಿಮಗೆ ಇದನ್ನು ಹೇಳಿದ್ದೆ.

ಕೆ.ಆರ್. ಪೇಟೆಯ ಆಟಗಳ ಪ್ರದರ್ಶನಕ್ಕೆಂದು ಗೊಂಬೆಗಳನ್ನು ಕೇಳಿದಿರಿ. ಪೆಟ್ಟಿಗೆ ಸಮೇತ ಕೊಟ್ಟೆ. ನಿಮ್ಮನ್ನು ಎಂದೂ ಕಂಡಿರದ ತಂದೆ ಇಸ್ತ್ರಿಯಾದ ಅಂಗಿ ತೊಟ್ಟು ನನ್ನೊಡನೆ ಬಸ್ಸು ಹತ್ತಿದರು. ನಾನು ನೀರು ಕುಡಿದು ಬರುವಷ್ಟರಲ್ಲಿ ಅವರು ನಿಮ್ಮ ಮೇಜಿನ ಎದುರಿದ್ದರು. ಫಲಕದಲ್ಲಿ 'ಕೆತ್ತನೆ' ಎಂಬುದರ ಕೆಳಗೆ ನಿಮ್ಮ ಮೂವರ ಹೆಸರು. ರಕ್ಕಸನ ಮುಖದಲ್ಲಿ ಕೆಂಪು ಬಣ್ಣದ ಎರಡು ಕಣ್ಣು. ನಿಮ್ಮಲ್ಲೊಬ್ಬ ಅವರಿಗೇ ವಿವರಿಸುತ್ತಿದ್ದ: "ಕೆತ್ತೋವಾಗ ಕಣ್ಣು ಮರ್ತೋಗಿತ್ತು ಯಜಮಾನ್ರೇ, ನೆನ್ನೆ ನಾನೇ ಬರ್ದೆ."

"ಕೆತ್ತಿದೋನು ಮರೆಯಾಕಿಲ್ಲ ಕಣಪ್ಪ," ಎಂದಷ್ಟೇ ಹೇಳಿ ತಂದೆ ಹೊರನಡೆದರು.

ನನ್ನನ್ನು ಕಂಡು ನೀವು ತಲೆ ತಗ್ಗಿಸಿದಿರಿ. ಗೆಳತಿ ನನ್ನ ತೋಳು ಹಿಡಿದು ಪಿಸುಗುಟ್ಟಿದಳು: "ಸುಮ್ಕಿರೇ, ಜನ ಅವ್ರೆ. ಆಮ್ಯಾಕ್ ಮಾತಾಡವ." ಇದುವರೆಗೆ ಆ ಮಾತುಕತೆ ನಡೆದಿಲ್ಲ. ತಂದೆ ಮರುದಿನವೇ ಬಾಗಿಲ ಕೆಲಸಕ್ಕೆ ಮರಳಿದರು. ಗೊಂಬೆ ಕೆತ್ತಿದ ಸಣ್ಣ ಉಳಿಯನ್ನು ಮಾತ್ರ ಆಮೇಲೆ ಮುಟ್ಟಿಲ್ಲ.

ಈಗ ಅದೇ ಗೊಂಬೆಗಳು ಅದೇ ಫಲಕದೊಡನೆ ನಾಗಮಂಗಲಕ್ಕೆ ಹೊರಟಿವೆಯೆಂದು ತಿಳಿಯಿತು. ಆದುದರಿಂದ ಲಿಖಿತವಾಗಿ ಕೇಳುತ್ತಿದ್ದೇನೆ. ನನ್ನ ತಂದೆಯ ಹೆಸರನ್ನು ಕೈಬಿಟ್ಟವರು ಯಾರು? ಉಳಿದಿಬ್ಬರು ಒಪ್ಪಿದ್ದೇಕೆ? ಉತ್ತರವನ್ನು ಪಾಂಡವಪುರಕ್ಕೆ ಬಂದು, ಅವರ ಎದುರು ನಿಂತು ಕೊಡತಕ್ಕದ್ದು. ನಾಗಮಂಗಲದ ಪ್ರದರ್ಶನಕ್ಕೆ ಮುನ್ನ ಹದಿಮೂರೂ ಗೊಂಬೆಗಳನ್ನು ಅವರ ಕೈಗೊಪ್ಪಿಸಬೇಕೆಂದು ಕೋರುತ್ತೇನೆ. ಅವನ್ನು ಅಲ್ಲಿಡಬೇಕೋ ಬೇಡವೋ ಎಂಬುದನ್ನು ಕೆತ್ತಿದವರೇ ತೀರ್ಮಾನಿಸಲಿ.