ಮಗ್ಗದ ಮೇಲಿನ ಗಿಳಿಹಸಿರು ಸೀರೆ

ಚಳ್ಳಕೆರೆ ಕೋರ್ಟಿನಲ್ಲಿ ನಮ್ಮೂರ ಪಂಚಾಯಿತಿ ಅಧ್ಯಕ್ಷರು ಹೇಗೆ ಸಿಕ್ಕಿಬಿದ್ದರು, ಊಹಿಸಿ ನೋಡೋಣ. ವಕೀಲರಿಂದಲ್ಲ. ನನ್ನ ಹೆಂಡತಿ ಸರೋಜಳಿಂದ.

ನಮ್ಮದು ಮೊಳಕಾಲ್ಮೂರಿನ ಕಡೆಯ ಊರು. ನಾನು ಪಾಠ ಹೇಳಿ ನಿವೃತ್ತನಾದವನು, ಆಕೆ ಇವತ್ತಿಗೂ ರೇಷ್ಮೆ ಸೀರೆ ನೇಯುತ್ತಾಳೆ. ಅಧ್ಯಕ್ಷರು ಯಾರ ಅನುಮತಿಯೂ ಇಲ್ಲದೆ ನಮ್ಮನೆ ಎದುರಿನ ಕಂಬಕ್ಕೆ ಕ್ಯಾಮೆರಾ ಹಾಕಿಸಿ, ತಮ್ಮ ಫೋನಿನಲ್ಲಿ ನೋಡುತ್ತಿದ್ದರು. ತೆಗೆಸಿ ಎಂದರೆ ನಕ್ಕರು. ಸರೋಜ ಕೇಸು ಹಾಕಿದಳು.

ಕಟಕಟೆಯಲ್ಲಿ ನಿಂತು ಅಧ್ಯಕ್ಷರು, "ಅದ್ರಲ್ಲಿ ರಸ್ತೆ ಬಿಟ್ಟು ಏನೂ ಕಾಣಲ್ಲ ಸ್ವಾಮಿ. ಸರೋಜಕ್ಕ ನಮ್ಮೂರ ಹೆಮ್ಮೆ. ಈಗ ನೇಯ್ತಿರೋ ಗಿಳಿಹಸಿರು ಸೀರೆ ನೋಡಿದ್ರೆ ಕಣ್ಣು ತುಂಬ್ತೈತೆ" ಅಂದರು.

ಸರೋಜ ಎದ್ದಳು. "ಸ್ವಾಮಿ, ಆ ಸೀರೆ ಇನ್ನೂ ಮಗ್ಗದ ಮ್ಯಾಲೇ ಐತೆ. ಇಳಿಸೋ ತನಕ ಹೊಸ ಸೀರೆ ಹೊರಗಿನೋರಿಗೆ ತೋರ್ಸಲ್ಲ. ಬೀದೀಲಿ ನಿಂತ್ರೆ ಮಗ್ಗ ಕಾಣಲ್ಲ, ಕಂಬದ ಎತ್ತರಕ್ಕಿರೋ ಬೆಳಕಿಂಡಿಯಿಂದ ಅಷ್ಟೇ ಕಾಣ್ತೈತೆ. ಇವರು ಎಲ್ಲಿ ನೋಡಿದ್ರು, ಕೇಳ್ರಿ."

ಕ್ಯಾಮೆರಾ ಇಳಿಸಲು ಆದೇಶವಾಯಿತು, ಅಧ್ಯಕ್ಷರಿಗೆ ದಂಡವೂ ಬಿತ್ತು. "ಪಂಚಾಯಿತಿ ದುಡ್ಡಲ್ಲ, ನಿಮ್ಮ ಜೇಬಿನಿಂದ ಕಟ್ಟಿ" ಎಂದರು ನ್ಯಾಯಾಧೀಶರು.

ಒಂದು ದಿನದ ನೇಯ್ಗೆ ಹಾಳಾಯ್ತೆಂದು ಸರೋಜ ಬಸ್ಸಿನಲ್ಲಿ ಗೊಣಗಿದಳು. ನಾನು ಮಾತ್ರ ಕಂಡಕ್ಟರನ್ನೂ ಬಿಡದೆ ಈ ಕತೆ ಹೇಳುತ್ತ ಬಂದೆ. ಅದು ಯುಗಾದಿಯ ಹಿಂದಿನ ಶುಕ್ರವಾರ.