ಹನ್ನೊಂದು ಕೆಂಪು ವೈರುಗಳು

ನನ್ನ ಗೆಳೆಯನನ್ನು ಎಲ್ಲರೂ ಒದ್ದೆಬೆರಳು ಎಂದು ಕರೆಯುತ್ತಿದ್ದರು. ಅವನ ಮೇಜಿನ ಮೇಲೆ ಬಾಟಲಿಯ ಮುಚ್ಚಳವೊಂದರಲ್ಲಿ ಸದಾ ನೀರಿರುತ್ತಿತ್ತು. ಕೆಟ್ಟ ಟಿವಿ ಗೇಮ್ ಪೆಟ್ಟಿಗೆ ಬಂದರೆ ಮುಚ್ಚಳ ಬಿಚ್ಚಿ, ಕರೆಂಟ್ ಕೊಟ್ಟು, ನಡುಬೆರಳನ್ನು ನೀರಿಗೆ ಅದ್ದಿ ಬೋರ್ಡಿನ ಮೇಲಿನ ಒಂದೊಂದೇ ಐಸಿ ಚಿಪ್ಪನ್ನು ಮುಟ್ಟುತ್ತ ಹೋಗುತ್ತಿದ್ದ. ಬೇಕಾದ್ದಕ್ಕಿಂತ ಹೆಚ್ಚು ಬಿಸಿಯಾದ ಐಸಿ ಬೆರಳಿಗೆ ಸಿಕ್ಕಿದ ಕೂಡಲೇ, "ಬಾ ಮಗನೇ, ನೀನೇನಾ" ಎನ್ನುತ್ತಿದ್ದ. ಮೀಟರ್ ಇತ್ತು, ಇಲ್ಲ ಎಂದಲ್ಲ. ಆದರೆ ಮೀಟರ್ ಹೇಳಿದ್ದನ್ನು ಬೆರಳಿಗೆ ಕೇಳಿಯೇ ಅವನು ನಂಬುತ್ತಿದ್ದುದು.

ಅಂಗಡಿ ಇದ್ದದ್ದು ಮೂರು ಮಹಡಿಯ ಹಳೆ ಕಟ್ಟಡವೊಂದರ ಮೆಟ್ಟಿಲ ಕೆಳಗೆ. ಒಳಗೆ ನಿಂತರೆ ತಲೆ ತಾಗುತ್ತಿತ್ತು, ಹಾಗಾಗಿ ಬಂದವರೆಲ್ಲ ಕೂತೇ ಮಾತಾಡಬೇಕು. ಬರುತ್ತಿದ್ದವರೂ ನಮ್ಮ ವಯಸ್ಸಿನವರೇ. ಚಿಕ್ಕಂದಿನಲ್ಲಿ ಆಡಿದ ಪೆಟ್ಟಿಗೆ ಅಟ್ಟದಲ್ಲಿ ಸಿಕ್ಕಿತು, ಕ್ಯಾಸೆಟ್ ಹಾಕಿದರೆ ಬರೀ ಗೆರೆ ಬರುತ್ತದೆ, ಏನಾದರೂ ಮಾಡು ಎನ್ನುವವರು. ಅವನು ಸರಿ ಮಾಡಿ ಸುಮ್ಮನಿರುತ್ತಿರಲಿಲ್ಲ. ಹೊಸ ಟಿವಿಗೆ ಹೊಂದುವಂತೆ ಒಳಗೆ ಇನ್ನೊಂದು ಬೋರ್ಡು ಕೂರಿಸುತ್ತಿದ್ದ, ಎರಡು ಸ್ವಿಚ್ಚು ಹೆಚ್ಚಿಗೆ ಹಾಕುತ್ತಿದ್ದ. ಅಷ್ಟಕ್ಕೂ ಬಳಸುತ್ತಿದ್ದ ವೈರು ಒಂದೇ ಬಣ್ಣದ್ದು, ಕೆಂಪು. ಟೆಲಿಫೋನ್ ಕಚೇರಿ ಮುಚ್ಚಿದಾಗ ಗುಜರಿಯಿಂದ ತಂದ ದೊಡ್ಡ ಸುರುಳಿ. ಇಪ್ಪತ್ತು ವರ್ಷ ಬಂತು, ಇನ್ನೂ ಮುಗಿದಿಲ್ಲ.

ನಾನು ಅಚ್ಚಿನ ಮನೆಯಲ್ಲಿ ಕರಡು ತಿದ್ದುವವನು. "ಬಣ್ಣ ಬೇರೆ ಬೇರೆ ಇರಲಿ, ಇಲ್ಲವೇ ಒಂದೊಂದಕ್ಕೂ ಚೀಟಿ ಅಂಟಿಸು" ಎಂದು ಎಷ್ಟೋ ಸಲ ಹೇಳಿದ್ದೆ.

"ಲೋ ಪ್ರೂಫು, ಬಣ್ಣ ನೋಡಿ ಆರಿಸೋಕೆ ನಾನೇನು ಬಟ್ಟೆ ಅಂಗಡಿ ಇಟ್ಟಿದ್ದೀನಾ? ಎಲ್ಲಾ ಇಲ್ಲಿದೆ" ಎಂದು ಹಣೆ ತಟ್ಟಿಕೊಳ್ಳುತ್ತಿದ್ದ. ನಿಜವಾಗಿಯೂ ಅಲ್ಲಿತ್ತು. ಹತ್ತು ವರ್ಷದ ಹಿಂದೆ ಮುಟ್ಟಿದ ಪೆಟ್ಟಿಗೆಯ ಯಾವ ವೈರು ಎಲ್ಲಿಗೆ ಎಂದು ಮುಚ್ಚಳ ತೆಗೆಯುವ ಮೊದಲೇ ಹೇಳಬಲ್ಲವನಾಗಿದ್ದ.

ಮನೆಯಲ್ಲಿ ಇದ್ದವರು ಅವನು ಮತ್ತು ಅವನ ಅಕ್ಕ. ಇಬ್ಬರೂ ಮದುವೆಯಾಗಲಿಲ್ಲ. ಅಕ್ಕ ಬಟ್ಟೆ ಹೊಲಿಯುತ್ತಿದ್ದರು. ಆರು ವರ್ಷದ ಹಿಂದೆ ಕತ್ತರಿ ಹಿಡಿದಿದ್ದ ಹಾಗೆಯೇ ಕುಸಿದರು. ಬಲಗೈ, ಬಲಗಾಲು ಹೋದವು. ಮಾತು ಉಳಿಯಿತು. "ಅದೊಂದು ಹೋಗಿದ್ರೆ ನಾನು ಬದುಕಿಕೊಳ್ತಿದ್ದೆ" ಎಂದು ತಮ್ಮ ಅವರೆದುರಿಗೇ ಅನ್ನುತ್ತಿದ್ದ.

ಆ ಮನೆಯಲ್ಲಿ ಒಂದು ಲಾರಿ ಆಟವಿತ್ತು. ಬೆಟ್ಟದ ದಾರಿಯಲ್ಲಿ ಲಾರಿ ಓಡಿಸಿ ಸಾಮಾನು ತಲುಪಿಸಬೇಕು. ಕೊನೆಗೊಂದು ಮುರುಕು ಸೇತುವೆ. ಆಟವನ್ನು ನಡುವೆ ಉಳಿಸಿಕೊಳ್ಳುವ ಅನುಕೂಲ ಆ ಕಾಲದ ಕ್ಯಾಸೆಟ್ಟಿಗೆ ಇರಲಿಲ್ಲ. ಬಿದ್ದರೆ ಮತ್ತೆ ಮೊದಲಿನಿಂದ. ಎಲ್ಲ ನೆಟ್ಟಗೆ ನಡೆದರೆ ಸೇತುವೆ ಬರುವುದು ಇಪ್ಪತ್ತೈದನೆಯ ನಿಮಿಷಕ್ಕೆ. ಹರೆಯದಲ್ಲಿ ಅದನ್ನು ದಾಟಿದ್ದು ಅಕ್ಕ ಒಬ್ಬರೇ. ತಮ್ಮ ಒಮ್ಮೆಯೂ ದಾಟಲಿಲ್ಲ.

ಅಕ್ಕ ಹಾಸಿಗೆ ಹಿಡಿದು ಕಿಟಕಿಯನ್ನೇ ನೋಡುತ್ತ ಕೂತ ಮೇಲೆ, ಅವನು ಅವರ ಹೊಲಿಗೆ ಯಂತ್ರದ ಪೆಡಲನ್ನು ಬಿಚ್ಚಿ ತಂದ. ಎಡಗಾಲಲ್ಲಿ ಒತ್ತಿದರೆ ಲಾರಿ ಓಡುವ ಹಾಗೆ, ಎಡಗೈಯ ಒಂದೇ ಕಡ್ಡಿಯಿಂದ ನಾಲ್ಕೂ ಕಡೆ ತಿರುಗುವ ಹಾಗೆ ಮಾಡಿದ. ಅದಕ್ಕಾಗಿ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ತಾನೇ ಕಟ್ಟಿ, ಒಳಗಿನದು ಅಲುಗದಿರಲೆಂದು ಕಪ್ಪು ಅಂಟು ಸುರಿದು ಕಲ್ಲು ಮಾಡಿದ. ಡಬ್ಬಿಯಿಂದ ಪೆಟ್ಟಿಗೆಯ ಬೋರ್ಡಿಗೆ ಹನ್ನೊಂದು ವೈರು. ಹನ್ನೊಂದೂ ಕೆಂಪು.

ದಿನಾ ಮಧ್ಯಾಹ್ನ ಅಕ್ಕ ಲಾರಿ ಓಡಿಸತೊಡಗಿದರು. ಬೀಳುವುದು, ಬೈಯುವುದು, ಮತ್ತೆ ಓಡಿಸುವುದು.

"ಇನ್ನೂ ಎರಡನೇ ತಿರುವಿನಲ್ಲೇ ಇದೀಯಲ್ಲೇ" ಎಂದು ತಮ್ಮ ಕೆಣಕುವನು.

"ಎರಡು ಕೈ ಇಟ್ಕೊಂಡು ನೀನು ಯಾವ ಸೇತುವೆ ದಾಟಿದೆಯೋ, ಬಾಯಿ ಮುಚ್ಚು."

ಐದು ವರ್ಷ ಹೀಗೆ ನಡೆಯಿತು. ಹೋದ ವರ್ಷ ಪೆಡಲಿನ ಸ್ಪ್ರಿಂಗ್ ಸಡಿಲವಾಯಿತೆಂದು ಅವನು ಪೆಟ್ಟಿಗೆ ಬಿಚ್ಚಿದ, ಬಿಚ್ಚಿದವನು ವೈರುಗಳನ್ನೂ ಹೊಸದಾಗಿ ಹಾಕಿದ. ಅಷ್ಟು ಹೊತ್ತಿಗೆ ಅಕ್ಕನ ಎಡಗೈ ಪಳಗಿ ಸೇತುವೆಯ ಹತ್ತಿರ ಬಂದಿತ್ತು. ಆಗ ಪೆಟ್ಟಿಗೆ ಕೈಕೊಡಲು ಶುರುಮಾಡಿತು. ಇಪ್ಪತ್ತೆರಡನೇ ನಿಮಿಷಕ್ಕೆ ಪರದೆಯಲ್ಲಿ ಗೆರೆ, ಆಮೇಲೆ ಲಾರಿ ನಿಂತಲ್ಲೇ ನಿಲ್ಲುವುದು. ತಣ್ಣಗಾದ ಮೇಲೆ ಮತ್ತೆ ಸರಿ. ಮತ್ತೆ ಇಪ್ಪತ್ತೆರಡು ನಿಮಿಷ.

"ಇನ್ನು ಮೂರೇ ನಿಮಿಷ ಕಣೋ" ಎಂದರು ಅಕ್ಕ. ಬೈಗುಳವಿಲ್ಲದೆ ಅವರು ತಮ್ಮನನ್ನು ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವನು ಪೆಟ್ಟಿಗೆಯನ್ನು ಅಂಗಡಿಗೆ ತಂದು ಎರಡು ದಿನ ಕಳೆದ. ಮೂರನೆಯ ದಿನ ನಾನು ಹೋದಾಗ ಬೆರಳು ಅದ್ದಿ ಅದ್ದಿ ಮುಟ್ಟುತ್ತಿದ್ದ. "ಎಲ್ಲಾ ತಣ್ಣಗಿದೆ ಪ್ರೂಫು. ಬಿಸಿಯಾಗದೆ ಬಿಸಿಗೆ ನಿಲ್ಲೋ ಪೆಟ್ಟಿಗೆ ನಾನು ನೋಡೇ ಇಲ್ಲ."

ಅವನ ಬೆರಳು ಆಗ ರೆಗ್ಯುಲೇಟರಿನ ಮೇಲಿತ್ತು. ಅಡಾಪ್ಟರಿನ ಕರೆಂಟನ್ನು ತಗ್ಗಿಸಿ ಬೋರ್ಡಿಗೆ ಕೊಡುವ ತುಂಡು, ಬಿಸಿ ಹೀರಲು ಅದಕ್ಕೊಂದು ಅಲ್ಯೂಮಿನಿಯಂ ತಗಡು. ನಾನು ಸುಮ್ಮನೆ ಆ ತಗಡಿಗೆ ಬೆರಳಿಟ್ಟೆ. ಸುಟ್ಟ ಹಾಗಾಗಿ ಕೈ ಎಳೆದುಕೊಂಡೆ. ಅವನ ಬೆರಳು ಇನ್ನೂ ಅಲ್ಲೇ ಇತ್ತು.

"ತೆಗೆಯೋ!" ಎಂದು ಕೂಗಿದೆ.

ತೆಗೆದ. ತುದಿಯಲ್ಲಿ ಚರ್ಮ ಬೆಳ್ಳಗಾಗಿತ್ತು. ಪಕ್ಕದ ಬೆರಳುಗಳಲ್ಲೂ ಅಂಥವೇ ಹಳೆಯ ಕಲೆಗಳು. ಸಕ್ಕರೆ ಕಾಯಿಲೆ ಇತ್ತೆಂದು ಗೊತ್ತಿತ್ತು, ಅದು ಬೆರಳಿನ ಸ್ಪರ್ಶ ತಿಂದದ್ದು ಗೊತ್ತಿರಲಿಲ್ಲ.

"ಎಷ್ಟು ದಿನದಿಂದ?"

"ಒಂದೂವರೆ ವರ್ಷ ಆಯ್ತೇನೋ." ನಕ್ಕ. "ಬೆರಳಿಗೆ ವಯಸ್ಸಾಗಿ ಕಿವಿ ಕೇಳಿಸ್ತಿಲ್ಲ. ಅಕ್ಕಂಗೆ ಹೇಳಬೇಡ."

ಆಮೇಲೆ ನಾನು ಮುಟ್ಟಿದೆ, ಅವನು ನೋಡಿದ. ಹೋದ ವರ್ಷ ಹಾಕಿದ ವೈರುಗಳ ಕಟ್ಟು ಹತ್ತಿರದ ದಾರಿ ಎಂದು ಆ ತಗಡಿಗೇ ಒರಗಿ ಹೋಗಿತ್ತು. ತಗಡು ಕಾದಂತೆ ವೈರಿನ ಮೇಲುಹೊದಿಕೆ ಕರಗಿ, ಒಳಗಿನ ತಾಮ್ರ ತಗಡಿಗೆ ತಾಗುತ್ತಿತ್ತು. ತಾಗಿದರೆ ಕರೆಂಟ್ ಹರಿಯಬಾರದ ಕಡೆ ಹರಿದು ರೆಗ್ಯುಲೇಟರ್ ಇನ್ನಷ್ಟು ಕಾಯುವುದು, ಇನ್ನಷ್ಟು ಕರಗುವುದು. ಆರಿದರೆ ಬಿಟ್ಟುಕೊಳ್ಳುವುದು. ಇಪ್ಪತ್ತೆರಡು ನಿಮಿಷದ ಲೆಕ್ಕ ಅದು.

ಅವನು ಆ ಕರಗಿದ ಕಟ್ಟನ್ನು ಎತ್ತಿ ಹಿಡಿದ. "ಅವತ್ತು ಮುಚ್ಚೋ ಮುಂಚೆ ಮುಟ್ಟಿ ನೋಡಿದ್ದೆ" ಎಂದ. "ತಣ್ಣಗಿತ್ತು."

ಹನ್ನೊಂದೂ ವೈರು ಒಂದಕ್ಕೊಂದು ಅಂಟಿ ಹಗ್ಗವಾಗಿದ್ದವು. ಡಬ್ಬಿಯ ಹತ್ತಿರ ಗೇಣುದ್ದ ಚೆನ್ನಾಗಿತ್ತು. ಅಲ್ಲಿಗೆ ಕತ್ತರಿಸಿ, ಬೋರ್ಡಿನ ಕಡೆಯದನ್ನೆಲ್ಲ ಕಿತ್ತು, ಹೊಸ ತುಂಡು ಜೋಡಿಸಿ ಬೇರೆ ದಾರಿಯಲ್ಲಿ ತರಬೇಕು. ಒಂದನ್ನು ಬಿಚ್ಚಿ ಒಂದನ್ನು ಹಾಕೋಣ ಎಂದೆ. ಅಂಟಿದ್ದು ಹಾಗೆ ಬರೋದಿಲ್ಲ ಎಂದ. ಚೀಟಿ ಅಂಟಿಸುತ್ತೇನೆ ಎಂದೆ. ಅವನು ಹಣೆ ತಟ್ಟಿಕೊಂಡ. ಬೆರಳು ಹೋಗಿದೆ ಎಂದು ಆಗಷ್ಟೇ ಒಪ್ಪಿಕೊಂಡವನ ಮುಂದೆ ತಲೆಯನ್ನೂ ಅನುಮಾನಿಸಲು ನನಗೆ ಮನಸ್ಸಾಗಲಿಲ್ಲ. ಸಂಜೆಯೊಳಗೆ ಹನ್ನೊಂದೂ ಕಿತ್ತು ಬಂದವು. ಹಾಕುವುದು ನಾಳೆ ಎಂದ.

ಮರುದಿನ ಅಂಗಡಿ ತೆರೆಯಲಿಲ್ಲ. ಚಪ್ಪಲಿಯೊಳಗೆ ಒಂದು ಸಣ್ಣ ಮೊಳೆ ಎದ್ದಿತ್ತಂತೆ. ಎಷ್ಟು ದಿನದಿಂದ ಅದರ ಮೇಲೆ ನಡೆದಿದ್ದನೋ. ಬೆರಳಿಗೆ ಗೊತ್ತಾಗದ್ದು ಕಾಲಿಗೂ ಗೊತ್ತಾಗಿರಲಿಲ್ಲ. ಜ್ವರ ಬಂದು ಬಿದ್ದ ಮೇಲೆ ಪಕ್ಕದ ಮನೆಯವರು ಅವನ ಪಾದ ನೋಡಿದರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ನಂಜು ಮೇಲಕ್ಕೆ ಏರಿತ್ತು.

ಆಸ್ಪತ್ರೆ ಸೇರಿದ ನಾಲ್ಕನೆಯ ದಿನ ಬೆಳಿಗ್ಗೆ ಜ್ವರ ಸ್ವಲ್ಪ ಇಳಿಯಿತು. ನನ್ನನ್ನು ಕಂಡವನೇ, "ಪೆನ್ ತೆಗಿ" ಎಂದ. ಡಬ್ಬಿಯ ಎಡದಂಚಿನಿಂದ ಎಣಿಸು ಎಂದು, ಒಂದನೆಯದು ಬೋರ್ಡಿನ ಎಲ್ಲಿಗೆ, ಎರಡನೆಯದು ಎಲ್ಲಿಗೆ ಎಂದು ಹೇಳುತ್ತ ಹೋದ. ಔಷಧಿ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡೆ. ಆರನೆಯದನ್ನು ಹೇಳಿ ಮುಗಿಸುವಾಗ ಏದುಸಿರು ಬಂತು. ಹೇಳಿದ್ದನ್ನೇ ಮತ್ತೆ ಹೇಳಿದ. ತುಟಿ ಒಣಗಿತ್ತು.

"ಸಾಕು, ಮಲಗು" ಎಂದೆ. "ಉಳಿದದ್ದು ನಾಳೆ ಹೇಳುವೆಯಂತೆ."

"ಐದೇ ಇದೆ ಕಣೋ."

"ಎಲ್ಲಿಗೂ ಓಡಿ ಹೋಗಲ್ಲ, ಮಲಗು."

ಅವನು ನನ್ನ ಮಾತು ಕೇಳಿದ. ನಲವತ್ತು ವರ್ಷದ ಗೆಳೆತನದಲ್ಲಿ ಹಾಗೆ ಎದುರಾಡದೆ ಕೇಳಿದ್ದು ಕಡಿಮೆ. ಮಧ್ಯಾಹ್ನದ ಮೇಲೆ ಮಾತು ಹೋಯಿತು. ಮರುದಿನ ಅವನೂ ಹೋದ.

ತಿಂಗಳು ಕಳೆದ ಮೇಲೆ ಪೆಟ್ಟಿಗೆಯನ್ನು ಇನ್ನೊಬ್ಬ ಮೆಕ್ಯಾನಿಕ್ಕಿನ ಹತ್ತಿರ ಒಯ್ದೆ. ಒಳ್ಳೆಯ ಕೆಲಸಗಾರ. ಎರಡು ದಿನ ಇಟ್ಟುಕೊಂಡು, ಚೀಟಿಯಲ್ಲಿದ್ದ ಆರು ವೈರನ್ನು ಅಚ್ಚುಕಟ್ಟಾಗಿ ಹಾಕಿಕೊಟ್ಟರು. ಉಳಿದ ಐದಕ್ಕೆ ಕೈ ಹಚ್ಚಲಿಲ್ಲ.

"ಡಬ್ಬಿಯೊಳಗೆ ಏನು ಮಾಡಿದ್ದಾರೋ ಕಾಣೋದಿಲ್ಲ. ಅಂಟು ಒಡೆದರೆ ಒಳಗಿನದೂ ಪುಡಿಯಾಗುತ್ತೆ. ಊಹೆ ಮೇಲೆ ಹಾಕಬಹುದು. ಐದು ವೈರು ಅಂದ್ರೆ ನೂರಿಪ್ಪತ್ತು ತರ ಆಗುತ್ತೆ, ಅದ್ರಲ್ಲಿ ಸರಿ ಒಂದೇ. ತಪ್ಪಿದ್ರೆ ಡಬ್ಬಿ ಸುಟ್ಟರೂ ಸುಡಬಹುದು. ಕೈ ಅವರದ್ದು ಸಾರ್, ಹೋಯ್ತು."

ಪೆಟ್ಟಿಗೆಯನ್ನು ಅಕ್ಕನ ಮನೆಗೆ ತಂದೆ. ಈಗ ಪಕ್ಕದ ಮನೆಯಾಕೆ ಎರಡು ಹೊತ್ತು ಬಂದು ಅವರನ್ನು ನೋಡಿಕೊಳ್ಳುತ್ತಾರೆ. ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಬೆರಳಿನ ವಿಷಯ ಹೇಳಿದೆ. ಆರನೆಯದಕ್ಕೆ ನಿಲ್ಲಿಸಿದ್ದು ನಾನೇ ಎಂದೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಅದೇ ಕಷ್ಟವಾಯಿತು.

"ಹಾಕಪ್ಪ, ನೋಡೋಣ" ಎಂದರು.

ಕ್ಯಾಸೆಟ್ ಹಾಕಿದೆ, ಪೆಡಲನ್ನು ಎಡಗಾಲ ಕೆಳಗಿಟ್ಟೆ. ಚಿತ್ರ ಚೆನ್ನಾಗಿ ಬಂತು. ಒತ್ತಿದರು. ಲಾರಿ ಹೊರಟಿತು. ಅಕ್ಕ ಕಡ್ಡಿಯನ್ನು ಎಡಕ್ಕೆ ಎಳೆದರು. ಲಾರಿ ನೇರವಾಗಿ ಹೋಗಿ ಮೊದಲ ತಿರುವಿನಲ್ಲೇ ಕೆಳಗೆ ಬಿತ್ತು. ಮತ್ತೆ ಒತ್ತಿದರು, ಮತ್ತೆ ಬಿತ್ತು. ತಿರುಗಿಸುವ ವೈರುಗಳು ಆ ಐದರಲ್ಲಿದ್ದವು.

"ಉಳಿದದ್ದನ್ನು ಊಹೆ ಮೇಲೆ ಹಾಕಿ ನೋಡೋಣವಾ ಅಕ್ಕ? ಸರಿಯಾದರೂ ಆಗಬಹುದು."

"ಬೇಡ" ಎಂದರು. "ಇಷ್ಟು ಅವನೇ ಹೇಳಿದ್ದು ತಾನೇ? ಇದನ್ನೂ ಸುಡಬೇಡ."

ಲಾರಿ ಬೀಳುತ್ತಲೇ ಇತ್ತು. ಗಡಿಯಾರದಲ್ಲಿ ಇಪ್ಪತ್ತೆರಡು ನಿಮಿಷ ಆಯಿತು, ಇಪ್ಪತ್ತೈದೂ ಆಯಿತು. ಪರದೆಯಲ್ಲಿ ಗೆರೆ ಬರಲಿಲ್ಲ. ನಾನು ಲೋಟದ ನೀರಿಗೆ ಬೆರಳು ಅದ್ದಿ, ಮುಚ್ಚಳ ಹಾಕದ ಪೆಟ್ಟಿಗೆಯೊಳಗೆ ತಗಡನ್ನು ಮುಟ್ಟಿದೆ. ಇರಬೇಕಾದಷ್ಟೇ ಬೆಚ್ಚಗಿತ್ತು. ಅವನು ದೋಷ ಹಿಡಿದದ್ದು ಸರಿಯಾಗಿಯೇ ಇತ್ತು.

"ಬಿಸಿ ಆಗಿದೆಯಾ?" ಎಂದರು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ.

"ಇಲ್ಲ ಅಕ್ಕ."

ಅವರು ಮತ್ತೆ ಪೆಡಲ್ ಒತ್ತಿದರು.